ಆಯಮ್ಮ ಓದಿದ ವಂಶಾವಳಿ

“ಪರೋಷನ ಮಕ್ಕಳು!” ಎಂದು ಕೂಗಿದ ಆಯಮ್ಮ ಬೈಬಲಿನಿಂದ ತಲೆಯೆತ್ತಿ, ಯಾರಾದರೂ ಎದ್ದು ಬರುತ್ತಾರೇನೋ ಎಂಬಂತೆ ಕಾದಳು. ಇಪ್ಪತ್ತು ವರ್ಷ ಆಸ್ಪತ್ರೆಯ ಬಾಗಿಲಲ್ಲಿ ರೋಗಿಗಳ ಹೆಸರು ಕೂಗಿದ ಗಂಟಲು. ಕರೆದ ಮೇಲೆ ಕಾಯದೆ ಮುಂದಿನ ಹೆಸರಿಗೆ ಹೋಗುವುದು ಅದಕ್ಕೆ ಗೊತ್ತಿಲ್ಲ. ಚರ್ಚಿನ ತುಂಬ ಕಿಸಕಿಸ ನಗು.

ಮುಂದಿನ ಬೆಂಚಿನ ಸಭಾಹಿರಿಯರಿಗೆ ಬೇಕಾಗಿದ್ದೂ ಅದೇ. ಕಸ ಗುಡಿಸುವವರ ಬೀದಿಯ ಹೆಂಗಸು ತಾನೂ ಓದುತ್ತೇನೆಂದು ಹಟ ಹಿಡಿದಾಗ, ಸೆರೆಯಿಂದ ಊರಿಗೆ ಮರಳಿದವರ ಹೆಸರುಗಳೇ ತುಂಬಿದ, ಯಾರೂ ಮುಟ್ಟದ ವಂಶಾವಳಿಯನ್ನೇ ಹುಡುಕಿ ಕೊಟ್ಟವರು ಅವರು. ಒಂದು ಹೆಸರು ತಪ್ಪಿದರೂ ಆ ಬೀದಿಯವರಿಗೆ ಮತ್ತೆ ಓದುವ ಸರದಿಯಿಲ್ಲ ಎಂಬ ಷರತ್ತು ಬೇರೆ.

“ಕಾಯಬೇಡ ತಾಯಿ, ಅವರೆಲ್ಲ ಸತ್ತು ಎರಡೂವರೆ ಸಾವಿರ ವರ್ಷ ಆಯ್ತು,” ಎಂದರು ಹಿರಿಯರು.

“ಸತ್ತ ಮುತ್ತಾತನ ಹೆಸರು ಹೇಳ್ಕೊಂಡು ನೀವು ಬೆಂಚು ಹಿಡಿದು ಕೂತಿಲ್ವಾ ಸ್ವಾಮಿ?” ಎಂದ ಆಯಮ್ಮ, ಒಂದು ಹೆಸರೂ ತಪ್ಪದೆ ಕೂಗುತ್ತ, ಕಾಯುತ್ತ, ಯಾಜಕರನ್ನೂ ಹಾಡುಗಾರರನ್ನೂ ದಾಟಿ ಕೆಳಗಿನ ಸಾಲಿಗೆ ಬಂದಳು. “ದೇವಾಲಯದ ಕೆಲಸದಾಳುಗಳು! ಜೀಹನ ಮಕ್ಕಳು!”

ಎಂದಿನಂತೆ ಆಯಮ್ಮನ ಬೀದಿಯವರ ಜೊತೆ ಬಾಗಿಲ ಬಳಿಯೇ ನಿಂತಿದ್ದ ಚರಂಡಿ ಕೆಲಸದ ಮಾವ ಕೈಯೆತ್ತಿದ. “ಇದ್ದೀವಿ ಕಣಮ್ಮ, ಬಂದ್ವಿ!” ಎಂದು ಅವನು ಮುಂದಿನ ಬೆಂಚಿನತ್ತ ನಡೆದ; ಬೆನ್ನಿಗೆ ಇಡೀ ಬೀದಿಯೇ ಹೊರಟಿತು.

“ಸಾಲಾಗಿ ಬನ್ನಿ, ನೂಕಬೇಡಿ,” ಎಂದಳು ಆಯಮ್ಮ. “ಹಿರಿಯರೇ, ನೀವು ಸ್ವಲ್ಪ ಎದ್ದು ಜಾಗ ಬಿಡಿ. ನಿಮ್ಮ ಹೆಸರು ಇನ್ನೂ ಬಂದಿಲ್ಲ.”