ಎದುರಂಗಡಿಯ ರೋಸ್ಟರ್

ಎದುರಂಗಡಿಯ ಕಾಫಿಬೀಜ ಹುರಿಯುವ ರೋಸ್ಟರ್ ಆ ದಿನ ಬೆಳಿಗ್ಗೆ ಸದ್ದು ಮಾಡಲಿಲ್ಲ. ಮಲ್ಲಿಕಾರ್ಜುನಪ್ಪ ಹಣೆಗೆ ಹಚ್ಚುತ್ತಿದ್ದ ವಿಭೂತಿಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಬಾಗಿಲಿಗೆ ಬಂದು ನಿಂತರು. ಹೊಗೆ ಇಲ್ಲ. ಹುರಿದ ಕಾಫಿಯ ವಾಸನೆ ಇಲ್ಲ. ರಸ್ತೆಯಾಚೆ ಅವರ ತಮ್ಮ ರೇಣುಕಪ್ರಸಾದ್ ಸುಮ್ಮನೆ ಕೈಕಟ್ಟಿ ಕೂತಿದ್ದ.

“ಪ್ರೇಮಾ, ಬಾ ಇಲ್ಲಿ,” ಎಂದು ಹೆಂಡತಿಯನ್ನು ಕೂಗಿದರು. “ಕೇಳಿಸ್ತಾ?”

“ಏನೂ ಕೇಳಿಸ್ತಿಲ್ವಲ್ಲ.”

“ಅದನ್ನೇ ಕೇಳು ಅಂದಿದ್ದು.”

ಈ ಮೌನಕ್ಕಾಗಿ ಅವರು ವರ್ಷವಿಡೀ ಕಾದಿದ್ದರು. ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಅಪ್ಪ ಕಟ್ಟಿದ ಕಾಫಿಪುಡಿ ಅಂಗಡಿ ಪಾಲಿನಲ್ಲಿ ಹಿರಿಯ ಮಗನಿಗೆ ಬಂದಿತ್ತು. ಯಾವ ಬೀಜಕ್ಕೆ ಯಾವುದನ್ನು ಎಷ್ಟು ಸೇರಿಸಬೇಕು, ಯಾವ ಬಣ್ಣಕ್ಕೆ ಬರುವವರೆಗೆ ಹುರಿಯಬೇಕು ಎಂಬ ಅಪ್ಪನ ಹದವೂ ಅವರೊಬ್ಬರಿಗೇ ಗೊತ್ತಿತ್ತು. ರೇಣುಕ ಅದನ್ನು ಕೇಳಿದ. ಇವರು ಕೊಡಲಿಲ್ಲ. ಅವನು ಸರಿಯಾಗಿ ಎದುರಿಗೇ ಅಂಗಡಿ ತೆರೆದ, ಬೋರ್ಡಿನ ಮೇಲೆ ಅಪ್ಪನ ಫೋಟೊ ಹಾಕಿಸಿದ. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅಣ್ಣ ಪುಡಿಗೆ ಹುಣಸೆಬೀಜ ಬೆರೆಸುತ್ತಾನೆ ಎಂದು ಊರೆಲ್ಲ ಹಬ್ಬಿಸಿದ. ಶಂಕರಮ್ಮನಂಥ ಹಳೆಯ ಗಿರಾಕಿಗಳೂ ಮುಖ ತಗ್ಗಿಸಿಕೊಂಡು ರಸ್ತೆ ದಾಟಿದರು. ಅಂದಿನಿಂದ ಮಲ್ಲಿಕಾರ್ಜುನಪ್ಪನವರಿಗೆ ಅನ್ನ ರುಚಿಸಲಿಲ್ಲ. ಆ ಅಂಗಡಿ ಬಾಗಿಲು ಹಾಕುವುದನ್ನು ಕಣ್ಣಾರೆ ನೋಡಬೇಕು, ಬೇರೇನೂ ಬೇಡ.

ಅಸ್ತ್ರವನ್ನು ಕೈಗೆ ಕೊಟ್ಟವಳು ಸೌಮ್ಯ. ಸಣ್ಣ ಅಂಗಡಿಯವರಿಗೆ ಆನ್‌ಲೈನ್ ಮಾರಾಟ ಕಲಿಸುವ ಸಂಸ್ಥೆಯ ಹುಡುಗಿ. ಪುಡಿಯ ಫೋಟೊ ತೆಗೆದಳು, ಪುಟ ಮಾಡಿಕೊಟ್ಟಳು, ಪ್ಯಾಕಿಂಗ್ ಹೇಳಿಕೊಟ್ಟಳು. ಬಾಬಾಬುಡನ್‌ಗಿರಿಗೆ ಬಂದ ಪ್ರವಾಸಿಗರು ಊರಿಗೆ ಮರಳಿದ ಮೇಲೂ ಇವರಿಂದಲೇ ಪುಡಿ ತರಿಸಿಕೊಳ್ಳಲಿ ಎಂಬುದು ಅವಳ ಆಸೆ. ಮಲ್ಲಿಕಾರ್ಜುನಪ್ಪನವರ ಆಸೆ ಬೇರೆ. ರೇಣುಕನೂ ಆನ್‌ಲೈನ್‌ಗೆ ಇಳಿದಿದ್ದಾನೆಂದು ಗೊತ್ತಾದ ದಿನವೇ ಪುಟದ ದರವನ್ನು ಅಸಲಿಗಿಂತ ಕೆಳಕ್ಕೆ ಇಳಿಸಿದರು. ಅಂಗಡಿಯಲ್ಲಿ ಮಾತ್ರ ಹಳೆಯ ದರವೇ ಇತ್ತು. ಅಲ್ಲೂ ಇಳಿಸಿದರೆ, ಹುಣಸೆಬೀಜದ್ದು, ಅದಕ್ಕೇ ಅಗ್ಗ ಅಂದಾರು!

“ಇದು ವ್ಯಾಪಾರ ಅಲ್ಲ ಸರ್,” ಎಂದಳು ಸೌಮ್ಯ. “ಒಂದೊಂದು ಪ್ಯಾಕೆಟ್‌ಗೂ ನೀವೇ ಕೈಯಿಂದ ಹಾಕ್ತಿದ್ದೀರಿ.”

“ಹಾಕ್ತೀನಿ. ಅವನ ರೋಸ್ಟರ್ ನಿಲ್ಲೋವರೆಗೂ ಹಾಕ್ತೀನಿ.”

ಆರ್ಡರ್‌ಗಳು ಬಂದವು. ಹಾಸನದಿಂದ, ಶಿವಮೊಗ್ಗದಿಂದ, ಬೆಂಗಳೂರಿನಿಂದ. ಮೂಡಿಗೆರೆಯ ವೀರೇಂದ್ರ ಎಂಬ ಹೋಮ್‌ಸ್ಟೇ ಮಾಲೀಕನಂತೂ ಪೆಟ್ಟಿಗೆಗಟ್ಟಲೆ ತರಿಸಿಕೊಂಡ. ದೇವರಮನೆ ಬೆಟ್ಟ ನೋಡಲು ಬಂದವರೆಲ್ಲ ತನ್ನ ಕಾಫಿಯನ್ನೇ ಕುಡಿಯುತ್ತಿದ್ದಾರೆಂದು ಮಲ್ಲಿಕಾರ್ಜುನಪ್ಪ ಹಿಗ್ಗಿದರು.

ಈಗ ರೋಸ್ಟರೂ ನಿಂತಿತು. ಅಲ್ಲಿ ಹುರಿಯುತ್ತಿದ್ದ ದೇವರಾಜ ಮಧ್ಯಾಹ್ನವೇ ಕೆಲಸ ಕೇಳಿಕೊಂಡು ಬಂದ. “ಬಿಡಿಸಿಬಿಟ್ರು ಯಜಮಾನ್ರೇ. ಇನ್ನು ಹುರಿಯೋದೇ ಇಲ್ವಂತೆ.” ಮಲ್ಲಿಕಾರ್ಜುನಪ್ಪ ಕೆಲಸ ಕೊಟ್ಟರು. ಕೊಡುವಾಗ ಎದುರಂಗಡಿಗೆ ಕೇಳಿಸುವಷ್ಟು ಜೋರಾಗಿಯೇ ಮಾತಾಡಿದರು.

ಆದರೆ ಗಿರಾಕಿಗಳು ಆ ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ. ಹಳೆಯ ದಾಸ್ತಾನು ತೀರಿಸುತ್ತಿರಬೇಕು, ಇನ್ನೆಷ್ಟು ದಿನ ಎಂದುಕೊಂಡರು. ಅಷ್ಟರಲ್ಲಿ ಒಂದು ದಿನ ಶಂಕರಮ್ಮ ದಾರಿಯಲ್ಲಿ ಸಿಕ್ಕಳು.

“ಬೇಜಾರು ಮಾಡ್ಕೋಬೇಡಿ ಮಲ್ಲಣ್ಣ. ರೇಣುಕನ ಪುಡಿ ಈಗೀಗ ಎಷ್ಟು ಚೆನ್ನಾಗಿದೆ ಅಂತೀರಿ! ನಿಮ್ಮಪ್ಪಾವ್ರ ಕೈ ಬಂದುಬಿಟ್ಟಿದೆ ಮಾರಾಯ್ರೇ ಅವನಿಗೆ.”

ಮಲ್ಲಿಕಾರ್ಜುನಪ್ಪ ಅಲ್ಲಿಂದಲೇ ಅಂಗಡಿಗೆ ಹಿಂತಿರುಗಿದರು. ಹದ ಸೋರಿಹೋಗಿದೆ. ಸೋರಿದ್ದು ದೇವರಾಜನಿಂದಲೇ, ಅವನನ್ನು ಇಲ್ಲಿಗೆ ಕಳಿಸಿದ್ದೇ ಅದಕ್ಕೆ! ಅಂದೇ ಅವನನ್ನು ಓಡಿಸಿದರು. ಬೀಜ ಬೆರೆಸುವ ಕೋಣೆಗೆ ಬೀಗ ಹಾಕಿದರು. ಹೆಂಡತಿ ಪ್ರೇಮಕುಮಾರಿಯನ್ನೂ ಒಳಗೆ ಬಿಡಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ ಪುಟದ ದರವನ್ನು ಮತ್ತಷ್ಟು ಇಳಿಸಿ, ಸಾಗಣೆಯನ್ನೂ ಪುಕ್ಕಟೆ ಮಾಡಿದರು.

ಬೀಜ ಕೊಡುತ್ತಿದ್ದ ಮಲ್ಲಂದೂರಿನ ಎಸ್ಟೇಟಿನವರು ಇನ್ನು ಉದ್ರಿ ಇಲ್ಲ ಎಂದರು. ಅಂಗಡಿಯ ಕಟ್ಟಡ ಬ್ಯಾಂಕಿಗೆ ಅಡವು ಬಿತ್ತು. ಪ್ರೇಮಕುಮಾರಿ ಅತ್ತಳು. “ಅವ್ರು ಮುಳುಗೋದನ್ನ ನೋಡೋಕೆ ನಾವೂ ಮುಳುಗ್ಬೇಕಾ?”

“ಮೊದ್ಲು ಅವನು ಮುಳುಗ್ಲಿ. ಆಮೇಲೆ ನೋಡೋಣ.”

ಆದರೆ ಬ್ಯಾಂಕಿನವರು ಅಷ್ಟು ಕಾಯಲಿಲ್ಲ. ಅಪ್ಪನ ಅಂಗಡಿಗೆ ಬೀಗ ಬೀಳುವ ಹಿಂದಿನ ದಿನ ಮಲ್ಲಿಕಾರ್ಜುನಪ್ಪ ಒಗೆದ ಪಂಚೆ ಉಟ್ಟು, ಮೊದಲ ಬಾರಿಗೆ ಆ ರಸ್ತೆ ದಾಟಿದರು. ತಾನು ಹಾಳಾದರೂ ಅವನು ಹಾಳಾದದ್ದನ್ನು ಹತ್ತಿರದಿಂದ ನೋಡಿ ಹೋಗಬೇಕಿತ್ತು.

“ಬನ್ನಿ ಅಣ್ಣ,” ಎಂದು ತಮ್ಮ ಎದ್ದು ನಿಂತ.

ರೋಸ್ಟರ್ ಮೇಲೆ ಧೂಳು ಕೂತಿತ್ತು. ಮಲ್ಲಿಕಾರ್ಜುನಪ್ಪ ಅದನ್ನು ಕಣ್ತುಂಬ ನೋಡಿದರು. ಒಳಗಿನಿಂದ ಕಾಫಿ ಬಂತು. ಶತ್ರುವಿನ ಕಾಫಿ ಎಷ್ಟು ಕೆಟ್ಟದಿರಬಹುದೆಂದು ನೋಡಲಿಕ್ಕಾದರೂ ಒಂದು ಗುಟುಕು ಕುಡಿದರು. ಅಪ್ಪನ ಹದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಲೋಟವನ್ನು ಮೇಜಿನ ಮೇಲೆ ಕುಕ್ಕಿದರು.

“ಕಳ್ಳ! ದೇವರಾಜನ ಕೈಲಿ ಹದ ಕದಿಸಿದ್ಯಲ್ಲೋ.”

“ಹದ ನಂಗೆ ಇವತ್ತಿಗೂ ಗೊತ್ತಿಲ್ಲ ಅಣ್ಣ. ದೇವರಾಜ ಪಾಪದವನು.”

“ಮತ್ತೆ ಇದನ್ನ ಹುರಿದೋರು ಯಾರು?”

“ನೀವೇ. ಮೂಡಿಗೆರೇಲಿ ನನ್ನ ಸ್ನೇಹಿತ ವೀರೇಂದ್ರ ನಿಮ್ಮ ಪೆಟ್ಟಿಗೆ ಇಳಿಸ್ಕೊಂಡು ಇಲ್ಲಿಗೆ ಕಳಿಸ್ತಿದ್ದ. ನೀವು ಮಾರೋ ದರಕ್ಕೆ ಹುರಿಯೋಕೆ ನನ್ನ ಕೈಲಾಗಲ್ಲ ಅಣ್ಣ.”