ಉಡಿ ತುಂಬಿದ ಮೇಲೆ ಕ್ಯಾನ್ಸಲ್ ಇಲ್ಲ

ಹಣಮವ್ವ ಉಡಿ ತುಂಬಿಸಿಕೊಂಡು, ಹೊಸ್ತಿಲು ದಾಟಿ, ಬಾಗಿಲ ಮುಂದೆ ನಿಂತ ಜೀಪಿಗೆ ಇನ್ನೇನು ಕಾಲಿಡಬೇಕು, ಅಷ್ಟರಲ್ಲಿ ಗಂಡ ಬೀರಣ್ಣನ ಮೊಬೈಲು ಕುಂಯ್ ಅಂದಿತು. ಕೊರೊನಾ ಮತ್ತೆ ಏರಿದ್ದರಿಂದ ಕಲಬುರಗಿಯಿಂದ ಬೆಂಗಳೂರಿಗೆ ಇವತ್ತು ಹಾರಬೇಕಿದ್ದ ವಿಮಾನ ರದ್ದಾಗಿದೆ ಎಂದು ಕಂಪನಿಯವರು ಕ್ಷಮೆ ಕೇಳಿದ್ದರು. ಬೀರಣ್ಣನ ಮುಖ ಅರಳಿತು. ಹೆಂಡತಿ ಹೋದರೆ ರೊಟ್ಟಿ ಬಡಿಯುವವರು ಯಾರು ಎಂಬ ಚಿಂತೆಯಲ್ಲಿ ಪಾಪ, ಮನುಷ್ಯನಿಗೆ ವಾರದಿಂದ ನಿದ್ದೆಯೇ ಹತ್ತಿರಲಿಲ್ಲ.

ಹಣಮವ್ವನ ಮುಖ ಮಾತ್ರ ಸಣ್ಣದಾಯಿತು. ಮದುವೆಯಾಗಿ ಈ ಸರಸಂಬಾ ಊರಿಗೆ ಬಂದಾಗಿನಿಂದ ಒಲೆ ಬಿಟ್ಟು ಎದ್ದವಳಲ್ಲ ಅವಳು. ಬೆಂಗಳೂರಿನ ಮೆಟ್ರೋದಲ್ಲಿ ಟಿಕೆಟು ಕೊಡುವ ಕೆಲಸದಲ್ಲಿದ್ದ ಮಗಳು ಸೀಮಾ, "ಅವ್ವಾ, ನಾಕ ದಿನ ಬಂದು ಕಾಲ ಚಾಚಿ ಕೂಡು" ಎಂದು ಹೋಗಿಬರುವ ಟಿಕೆಟು ಮಾಡಿಸಿದ್ದಳು. ವಿಮಾನದ ಮೇಲೆ ಹಣಮವ್ವನಿಗೆ ಅಂಥ ಆಸೆಯೇನೂ ಇರಲಿಲ್ಲ, ಆಸೆ ಇದ್ದದ್ದು ಆ ಕಾಲು ಚಾಚುವುದರ ಮೇಲೆ. ಕಣ್ಣು ತುಂಬಿ ಬಂದರೂ ಏನೂ ಆಗದವಳ ಹಾಗೆ ಚೀಲ ಎತ್ತಿಕೊಂಡು ಮನೆಯೊಳಗೆ ಹೊರಟಳು.

"ಏ ಹಣಮವ್ವ, ನಿಂದರು ಅಲ್ಲೇ!" ಎದುರು ಮನೆಯ ಮಾಳಮ್ಮ ಕೂಗಿದಳು. ಯಾರಿಗೆ ಯಾವಾಗ ಉಡಿ ತುಂಬಬೇಕು, ಯಾವ ವಾರ ಯಾರು ಮನೆ ಬಿಡಬಾರದು ಎಂಬ ಓಣಿಯ ಕಾನೂನೆಲ್ಲ ಈ ಮುದುಕಿಯ ಬಾಯಲ್ಲಿತ್ತು. ಈಗಷ್ಟೇ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಉಡಿ ತುಂಬಿದವಳೂ ಅವಳೇ. "ಉಡಿ ತುಂಬಿಸ್ಕೊಂಡು ಹೊರಗ ಬಿದ್ದಾಕಿ ಹಂಗ ಒಳಗ ಹೋಗಂಗಿಲ್ಲ ಬೇ. ಮನಿಗೆ ಛಲೋ ಅಲ್ಲ."

"ವಿಮಾನೇ ರದ್ದ ಆಗೇದ ಯಕ್ಕಾ."

"ವಿಮಾನ ರದ್ದ ಆಗಿರಬೇಕು. ಉಡಿ ಎಲ್ಲಿ ರದ್ದ ಆಗೇದ?"

ಬೀರಣ್ಣ ಗಾಬರಿಯಾದ. ಹೆಂಡತಿ ಒಳಗೂ ಬಾರದೆ ಹೊರಗೂ ಹೋಗದೆ ಬೀದಿಯಲ್ಲೇ ನಿಂತರೆ ಮಧ್ಯಾಹ್ನದ ಊಟದ ಗತಿಯೇನು? ಕಂಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ ಹಣಮವ್ವನ ಕೈಗೆ ಕೊಟ್ಟ. ಫೋನು ಬಹಳ ಹೊತ್ತು ವಾದ್ಯ ಬಾರಿಸಿದ ಮೇಲೆ ಕಂಪನಿಯ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು.

"ಮೇಡಂ, ಕ್ಯಾನ್ಸಲ್ ಮಾಡಿದರೆ ಹಣ ನಮ್ಮಲ್ಲೇ ಜಮಾ ಇರುತ್ತೆ. ದಿನಾಂಕ ಬದಲಿಸಿಕೊಂಡರೆ ಯಾವ ಶುಲ್ಕವೂ ಇಲ್ಲ. ಆದರೆ ಇನ್ನು ಮುಂದೆ ಮಂಗಳವಾರ ಮಾತ್ರ ವಿಮಾನ."

ಮಾಳಮ್ಮ ಫೋನಿನ ಕಡೆ ಬಾಗಿದಳು. "ಮಂಗಳಾರ ಹೆಣ್ಣಮಗಳು ಮನಿ ಬಿಡಂಗಿಲ್ಲವ್ವ. ಲಕ್ಷ್ಮೀ ಬೆನ್ನ ಹತ್ತಿ ಹೋಗ್ತಾಳ. ಬ್ಯಾರೆ ವಾರ ಹೇಳು."

"ಬೇರೆ ವಾರ ಇಲ್ಲ ಮೇಡಂ. ಅದು ನಮ್ಮ ಪಾಲಿಸಿ."

"ಇದು ನಮ್ಮ ಪಾಲಿಸಿ!"

ಹುಡುಗಿ ಮೇಲಿನವರನ್ನು ಕೇಳಿ ಬರುತ್ತೇನೆಂದು ಮತ್ತೆ ವಾದ್ಯ ಹಚ್ಚಿದಳು. ಮಾಳಮ್ಮನಿಗೆ ಕೇಳೋಣವೆಂದರೆ ಓಣಿಯಲ್ಲಿ ಮೇಲಿನವರು ಯಾರೂ ಉಳಿದಿರಲಿಲ್ಲ. ಹಾಗಾಗಿ ತನ್ನನ್ನೇ ಕೇಳಿಕೊಂಡು, ಕಂಪನಿಗಿಂತ ಜಲ್ದಿ ತೀರ್ಪು ಕೊಟ್ಟಳು. "ಇವತ್ತ ಬುಧವಾರ. ಹೊಸ್ತಿಲ ದಾಟಿದ್ದು ಇವತ್ತ, ಅಂದಮ್ಯಾಲ ಮನಿ ಬಿಟ್ಟಿದ್ದೂ ಇವತ್ತೇ ಆತು. ಮಂಗಳಾರ ಬ್ಯಾರೇರ ಮನಿಯಿಂದ ಹಾರಿದ್ರ ನಡೀತದ. ಅಲ್ಲೀತನಕ ನಮ್ಮ ಮನ್ಯಾಗ ಇರು, ನಡಿ."

ಹುಡುಗಿ ವಾಪಸು ಬಂದು, ಮೇಲಿನವರೂ ಒಪ್ಪಲಿಲ್ಲ ಎಂದಳು. "ಹೋಗಲಿ ಬಿಡವ್ವ, ಮಂಗಳಾರನೇ ಇರಲಿ. ನಾವೇ ಅಡ್ಜಸ್ಟ್ ಮಾಡ್ಕೊಂಡೇವಿ" ಎಂದು ಮಾಳಮ್ಮ ದೊಡ್ಡ ಮನಸ್ಸು ಮಾಡಿದಳು.

ಹೀಗೆ ಹಣಮವ್ವ ಚೀಲ ಹಿಡಿದು ಓಣಿ ದಾಟಿ ಊರು ಬಿಟ್ಟಳು. ಬೇರೆ ಊರಿಗೆ ಹೊರಟವರ ಕೈಯಿಂದ ಕೆಲಸ ಮಾಡಿಸಬಾರದು ಎಂಬುದು ಮಾಳಮ್ಮನ ಇನ್ನೊಂದು ಕಾನೂನು. ಮೊದಲ ದಿನ ಹಣಮವ್ವನಿಗೆ ಮುಳ್ಳಿನ ಮೇಲೆ ಕೂತಂತೆ ಆಯಿತು. ಯಾರಾದರೂ ನೋಡಿದರೆ ಎಂದು ಒಂದು ಕಾಲು ಮಾತ್ರ ಚಾಚಿದಳು. ಮರುದಿನ ಎರಡನ್ನೂ ಚಾಚಿದಳು. ಆಮೇಲೆ ಚಹಾ ತಡವಾದರೆ "ಯಾಕ ಯಕ್ಕಾ?" ಎಂದು ಕೇಳುವಷ್ಟು ಧೈರ್ಯವೂ ಬಂತು.

ಬೀರಣ್ಣ ಮೂಗಿನ ಕೆಳಗೆ ಮಾಸ್ಕು ಇಳಿಬಿಟ್ಟು ಮಾಳಮ್ಮನ ಬಾಗಿಲಿಗೆ ಬಂದು ನಿಂತ. ಹಣಮವ್ವ ಹೊರಸಿನ ಮೇಲೆ ಕಾಲು ಚಾಚಿಕೊಂಡೇ ವಿಚಾರಿಸಿದಳು. "ಏನ್ರೀ, ಊರ ಕಡಿ ಎಲ್ಲಾ ಆರಾಮ?"

"ರೊಟ್ಟಿ ತಟ್ಟಿದ್ರ ಹರಿದು ಚೂರ ಚೂರ ಆಗಾಕತ್ತಾವ. ಹಿಟ್ಟ ಹ್ಯಾಂಗ ನಾದಬೇಕ ಹೇಳು."

"ಬಿಸಿನೀರ ಹಾಕಿದ್ರೇನು?"

"ಬಿಸಿನೀರಾ? ಅದ್ಯಾಕ?"

ಹಣಮವ್ವ ಬಾಯಿ ತೆರೆದವಳು ಮಾಳಮ್ಮನ ಕಣ್ಣು ನೋಡಿ ಮುಚ್ಚಿಕೊಂಡಳು. "ನಾ ಊರಾಗ ಇಲ್ರೀ" ಎಂದಳು. "ಬಂದ ಮ್ಯಾಲ ಹೇಳ್ತೇನಿ."

ಸೋಮವಾರ ಸಂಜೆ ಬೀರಣ್ಣ ಫೋನು ಎತ್ತಿ ಹಿಡಿದುಕೊಂಡು ಓಡಿ ಬಂದ. ಮೊಣಕೈತನಕ ಹಿಟ್ಟು ಮೆತ್ತಿಕೊಂಡಿದ್ದ. ಅದರಲ್ಲಿ ಕಂಪನಿಯ ಅದೇ ಹುಡುಗಿ ಮಾತಾಡಿದಳು. "ಮೇಡಂ, ನಾಳೆ ವಿಮಾನ ಖಂಡಿತ ಹೊರಡುತ್ತೆ. ನಿಮ್ಮ ವಾಪಸು ಪ್ರಯಾಣವನ್ನೂ ಅದರ ಮುಂದಿನ ಮಂಗಳವಾರಕ್ಕೆ ಇಟ್ಟಿದ್ದೇವೆ. ಏನಾದರೂ ಬದಲಾವಣೆ ಇದೆಯಾ?"

"ಏನೂ ಬದಲಿ ಇಲ್ಲ, ವಾಪಸ್ ಬರೋದಂತೂ ಬಿಲ್ಕುಲ್ ಪಕ್ಕಾ!" ಎಂದು ಬೀರಣ್ಣ ಫೋನಿಗೆ ಕೂಗಿದ.

ಹಣಮವ್ವ ಗಂಡನ ಕೈಗಳನ್ನು ನೋಡಿದಳು. ಆಮೇಲೆ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡಳು.

"ಹೋಗೋದು ನಾಳಿ ಆದ್ರೂ ಸೈ, ಮುಂದಿನ ತಿಂಗಳ ಆದ್ರೂ ಸೈ ತಂಗೀ," ಎಂದಳು. "ವಾಪಸ್ ಬರೋದಷ್ಟು ಕ್ಯಾನ್ಸಲ್ ಮಾಡಿಬಿಡವ್ವ."