ಕಸಬರಿಗೆ ಕಡ್ಡಿಯ ಅಳತೆ

ಟಿಕ್.

ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು. ಕಲ್ಯಾಣಮ್ಮ ಕಣ್ಣು ಬಿಟ್ಟಾಗ ಮಗಳು ಮೌನೇಶ್ವರಿ ಕತ್ತಲಲ್ಲಿ ಮಂಚದ ಕಾಲ್ದೆಸೆಯಲ್ಲಿ ಕೂತಿದ್ದಳು.

"ಏನದು?"

"ಇಲಿ ಇತ್ತಬೇ. ನೀ ಮಲ್ಕೊ."

ಮರುದಿನ ನಸುಕಿನ ವಾಕಿಂಗ್ ಮುಗಿಸಿ ಎಂದಿನಂತೆ ಕುಂಟುತ್ತ ಮನೆಗೆ ಬಂದ ಕಲ್ಯಾಣಮ್ಮ, ಆ ಇಲಿಯನ್ನು ಮಗಳ ಕಾಲೇಜು ಚೀಲದಲ್ಲಿ ಹುಡುಕಿದಳು. ಸಿಕ್ಕಿದ್ದು ಒಂದು ಕಸಬರಿಗೆ ಕಡ್ಡಿ. ಅಳತೆಗೆ ಸರಿಯಾಗಿ ಮುರಿದದ್ದು.

ಅಂಥ ಕಡ್ಡಿಯ ಅರ್ಥವನ್ನು ಶಹಾಪುರದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಪೇಟೆಗೆ ಬರಲಾರದವರ ಪಾದಕ್ಕೆ ಕಡ್ಡಿ ಹಿಡಿದು, ಮುರಿದು, ಅಂಗಡಿಗೆ ಒಯ್ದು ಚಪ್ಪಲಿ ತರುವುದು ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಬಾಗಿಲಲ್ಲಿದ್ದ ಮಗಳ ಹರಕು ಬೂಟಿನ ಮೇಲೆ ಅವಳು ಕಡ್ಡಿಯಿಟ್ಟು ನೋಡಿದಳು. ಬೂಟಿಗಿಂತ ಕಡ್ಡಿ ಎರಡು ಬೆರಳು ಉದ್ದ.

ಗಂಡಸಿನ ಪಾದ.

ಎಲ್ಲಕ್ಕೂ ಆ ಹಾಳು ಸ್ಕೇಟ್‌ಬೋರ್ಡೇ ಮೂಲ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತರೆ ಸಾಕು, ನೀರಾವರಿ ಕ್ಯಾಂಪಿನ ಹುಡುಗರೆಲ್ಲ ಅದರ ಸಿಮೆಂಟು ಇಳಿಜಾರಿನಲ್ಲಿ. ಅವರ ನಡುವೆ ಮೌನಿ ಒಬ್ಬಳೇ ಹುಡುಗಿ. "ಟೀಚರಮ್ಮನ ಮಗಳು ಗಾಲಿ ಮ್ಯಾಲೆ ಕುಣ್ಯಾಕತ್ಯಾಳ" ಎಂದು ಓಣಿ ನಕ್ಕಿತ್ತು. ಅಂದೇ ಕಲ್ಯಾಣಮ್ಮ ಬೋರ್ಡು ಕಿತ್ತುಕೊಂಡು ಹಿತ್ತಲ ಕೋಣೆಯಲ್ಲಿಟ್ಟು ಬೀಗ ಜಡಿದಿದ್ದಳು. ಕೀಲಿಕೈ ಈಗಲೂ ಅವಳ ಸೊಂಟದಲ್ಲೇ ಇತ್ತು. ಬೋರ್ಡನ್ನು ತಡೆದಳು, ಸರಿ. ಹುಡುಗನೊಬ್ಬನನ್ನು ತಡೆಯುವುದು ಹೇಗೆ?

ಕಡ್ಡಿಯನ್ನು ಇದ್ದಲ್ಲೇ ಇಟ್ಟಳು. ಶಾಲೆ ಬಿಟ್ಟವಳೇ ಖಾಜಾಬೀಯ ಬೂಟಿನಂಗಡಿಗೆ ಹೋದಳು. ಬೆಂಚಿನ ಮೇಲೆ ಕೂತು, ಯಾವಾಗಿನಂತೆ ನೆರಿಗೆ ಎಳೆದು ಪಾದ ಮುಚ್ಚಿಕೊಂಡಳು.

"ಮಗಳು ಈಗಷ್ಟ ಹೋದ್ಳಲ್ರಿ, ಟೀಚರಮ್ಮ!" ಖಾಜಾಬೀ ಹಣೆ ಒರೆಸಿಕೊಂಡಳು. "ಅರ್ಧ ಅಂಗಡಿ ಕೆಳಗ ಇಳಿಸ್ಯಾಳ. ಓಡೋ ಬೂಟು ತೋರ್ಸಿದ್ರ ಒಲ್ಲೆ ಅಂದ್ಳು. ತಳ ದಪ್ಪಂತ, ಹಲಗಿ ಕಾಲಿಗಿ ಗೊತ್ತಾಗಂಗಿಲ್ಲಂತ. ಕ್ಯಾನ್ವಾಸ್ ಅಗ್ಗದ, ಒಯ್ಯವ್ವ ಅಂದೆ. ಹಲಗಿ ಮ್ಯಾಲಿನ ಉಸುಕಿನ ಕಾಗದಕ್ಕ ತಿಕ್ಕಿ ತಿಂಗಳಿನಾಗ ಹರೀತಾವಂತ! ಕಡೀಗಿ ಸ್ವೀಡ್ ಚರ್ಮದ್ದು, ಸಪಾಟ ತಳದ್ದು ಹಿಡಿದ್ಳು. ತುಟ್ಟಿ ಮಾಲು. ತನ್ನ ಕಾಲಾಗಿನವು ಬಾಯಿ ತೆರದಾವ, ತನಗೊಂದು ಜೋಡಿ ಬ್ಯಾಡಂತ. ಒಂದ ಜೋಡಿಗೆ ಜೇಬು ಖಾಲಿ."

"ಎಷ್ಟನೇ ನಂಬರು?"

"ಗಂಡಸರ ಎಂಟು."

ಖಾಜಾಬೀ ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಹಾಕ್ಕೊಳ್ಳೋರು ಜಿಗಿಯೋರಲ್ಲಂತ, ಬರೇ ನೆಟ್ಟಗ ಹೋಗೋರಂತ. ಹಿಮ್ಮಡಿ ನೋಯ್ತದಂತ, ಮೆತ್ತಗ ಇರಬೇಕಂತ. ಕಲ್ಯಾಣಮ್ಮನ ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ. ಅಂಗಡಿಯ ಮೆಟ್ಟಿಲಲ್ಲೇ ನಿಂತು ಸುರಪುರದ ಅಣ್ಣನಿಗೆ ಫೋನು ಹಚ್ಚಿದಳು. ಗಂಡ ತೀರಿಹೋದ ಮೇಲೆ ಮನೆಯ ದೊಡ್ಡ ಮಾತೆಲ್ಲ ಅಮರಪ್ಪನದೇ.

ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಯಾವನವ?"

ಮೌನಿ ತಾಯಿಯ ಕಾಲು ನೋಡಿದಳು. ಆಮೇಲೆ ಮುಖ. "ಬ್ಯಾಡಬೇ. ಹೇಳಿದ್ರ ನಿನಗ ನಾಚಿಕಿ ಆಗ್ತದ."

ಕಲ್ಯಾಣಮ್ಮನ ಕೈ ತಾನಾಗಿ ಎದ್ದಿತು. ಏಟು ಬಿದ್ದ ಮೇಲೂ ಹುಡುಗಿ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಗೋಡೆಗೆ ಒರಗಿದಳು, ಅಷ್ಟೇ.

ಅಮರಪ್ಪ ಬೈಕು ನಿಲ್ಲಿಸಿ, ಹೊಸ್ತಿಲು ದಾಟುವ ಮೊದಲೇ ತೀರ್ಪು ಕೊಟ್ಟ. "ಕಾಲೇಜು ನಾಳಿಂದ ಬಂದ್. ರಾಯಚೂರಿನ ಹುಡುಗ ಹೆಂಗೂ ಅದಾನ. ತಿಂಗಳೊಳಗ ಲಗ್ನ. ಎಲ್ಲದಾವ ಬೂಟು? ತಾ ಇಲ್ಲಿ. ಅವ ಯಾವನರೆ ಇರಲಿ, ಅವನ ತಲಿ ಮ್ಯಾಲೇ ಬಡೀತೀನಿ."

ಮೌನಿ ಡಬ್ಬಿ ತಂದಳು. ಮಾವನ ಕೈಗೆ ಕೊಡಲಿಲ್ಲ. ತಾಯಿಯ ಕಾಲ ಬಳಿ ಇಟ್ಟಳು.

ಕಲ್ಯಾಣಮ್ಮ ಮುಚ್ಚಳ ತೆಗೆದಳು. ಬೂಟಿನೊಳಗೆ ಕಡ್ಡಿ ಇನ್ನೂ ಇತ್ತು. ಹಿಮ್ಮಡಿಯ ಜಾಗದಲ್ಲಿ ಬೆರಳಿಟ್ಟಳು. ಮೆತ್ತೆ, ಎಳೆಗೂಸಿನ ದಿಂಬಿನಷ್ಟು ಮೆತ್ತಗೆ. ಆಗ ಖಾಜಾಬೀಯ ಮಾತುಗಳು ಒಂದೊಂದಾಗಿ ಮರಳಿ ಬಂದವು. ಕತ್ತಲಲ್ಲಿ ಮಂಚದ ಕಾಲ್ದೆಸೆಯಲ್ಲಿ ಕೂತಿದ್ದ ಮಗಳೂ ಕಣ್ಣ ಮುಂದೆ ಬಂದಳು. ಕಲ್ಯಾಣಮ್ಮ ಪಾದಗಳನ್ನು ನೆರಿಗೆಯೊಳಗೆ ಇನ್ನಷ್ಟು ಎಳೆದುಕೊಂಡಳು.

"ಯಾರವು?" ಅಮರಪ್ಪ ಗುಡುಗಿದ.

ಮಗಳ ಕೆನ್ನೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಆದರೂ ಹುಡುಗಿ ಬಾಯಿ ಬಿಡಲಿಲ್ಲ.

"ಆಕಿವೇ, ಅಣ್ಣ." ಕಲ್ಯಾಣಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ನಂಬರು ದೊಡ್ಡದು ತಂದಾಳ, ಅಷ್ಟ. ನಂದೇ ತಪ್ಪು. ತಿಳೀದ ಫೋನ್ ಹಚ್ಚಿದೆ."

"ಎಂಥಾ ಹುಚ್ಚಿ ಇದ್ದೀಬೇ ನೀ! ಕೂಸಿನ ಗಲ್ಲ ನೋಡು ಹೆಂಗ ಆಗ್ಯಾದ." ಅವನು ಮೌನಿಯ ತಲೆ ಸವರಿದ. "ಕಾಲೇಜಿಗಿ ಹೋಗವ್ವ ನೀ. ಈಕಿ ಮಾತು ಕೇಳಬ್ಯಾಡ."

ಬೈಕಿನ ಸದ್ದು ದೂರವಾದ ಮೇಲೆ ಕಲ್ಯಾಣಮ್ಮ ಸೊಂಟದ ಕೀಲಿಕೈ ತೆಗೆದು ಮಗಳ ಮುಂದೆ ಹಿಡಿದಳು. ತಲೆ ಎತ್ತಲಾಗಲಿಲ್ಲ.

ಮೌನಿ ಆ ಕೈಯನ್ನು ಮೆಲ್ಲಗೆ ಮಡಿಸಿದಳು. "ಸಂಜಿಗಿ ಕೊಡು ಸಾಕು. ನಸುಕಿನಾಗ ನಿನಗ ಬೇಕಲ್ಲ."

ಮಗಳಿಂದ ಕಿತ್ತುಕೊಂಡ ಬೋರ್ಡಿನ ಮೇಲೆ, ಊರು ಏಳುವ ಮೊದಲು, ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಒಣ ಕಾಲುವೆಯ ಉದ್ದಕ್ಕೂ ಹಾರಿಹೋಗುತ್ತಿದ್ದವಳು ತಾನೆಂಬುದನ್ನು ಯಾರಿಗೂ ಹೇಳಬಾರದೆಂದು ಕಲ್ಯಾಣಮ್ಮ ಆಗ ನಿರ್ಧರಿಸಿದಳು. ಮಗಳು ಅದನ್ನು ಎಂದೋ ನಿರ್ಧರಿಸಿಯಾಗಿತ್ತು.